ಹಲ್ಲಿಲ್ಲದ ಬೀಗದಕೈ

ಈಗಿನ ಕಾರಿನ ಕೀಗೆ ಹಲ್ಲಿಲ್ಲ. ನಮಗೆಲ್ಲ ವಯಸ್ಸಾದ ಮೇಲೆ ಉದುರುವ ಹಲ್ಲು ಅದಕ್ಕೆ ಹುಟ್ಟುವಾಗಲೇ ಇರುವುದಿಲ್ಲ. ಹಲ್ಲಿಲ್ಲದಿದ್ದರೂ ಮಾತಿಗೇನೂ ಬರವಿಲ್ಲ. ಜೇಬಿನೊಳಗೆ ಕೂತುಕೊಂಡೇ ಕಾರಿನ ಜೊತೆ ಪಟ್ಟಾಂಗ ಹೊಡೆಯುತ್ತಿರುತ್ತದೆ. ನಮ್ಮಜ್ಜಿಯ ಸೊಂಟದಲ್ಲಿ ತೂಗುತ್ತಿದ್ದ ಗೊಂಚಲಿನ ಬೀಗದಕೈಗಳು ಇದಕ್ಕೆ ತದ್ವಿರುದ್ಧ. ಅವಕ್ಕೆ ಗೇಣುದ್ದದ ಕಬ್ಬಿಣದ ಮೈ, ದಪ್ಪ ದಪ್ಪ ಹಲ್ಲು, ಆದರೆ ಮಾತು ಮಾತ್ರ ಬಾರದು. ಅಜ್ಜಿ ತಾನೇ ಎದ್ದು ಬಂದು, ತೂತಿಗೆ ತೂರಿಸಿ, ಉಸ್ಸಪ್ಪಾ ಎಂದು ತಿರುಗಿಸುವ ತನಕ ಉಗ್ರಾಣದ ಬಾಗಿಲು ಅಲ್ಲಾಡುತ್ತಿರಲಿಲ್ಲ. ಬೆಲ್ಲದ ಮೇಲೆ ಕಣ್ಣಿಟ್ಟಿದ್ದ ನಮಗೆ ಉಳಿದಿದ್ದ ದಾರಿ ಒಂದೇ: ಅಜ್ಜಿ ಮಲಗಿದ್ದಾಗ ಸೊಂಟಕ್ಕೆ ಕೈ ಹಾಕುವುದು. ಅಷ್ಟು ಗಟ್ಟಿ ಗುಂಡಿಗೆ ಮನೆಯಲ್ಲಿ ಯಾರಿಗೂ ಇರಲಿಲ್ಲ, ತಾತನೂ ಸೇರಿದಂತೆ.

ನಮ್ಮ ಭಾವ, ಅಂದರೆ ಹೆಂಡತಿಯ ಅಣ್ಣ, ಹೋದ ದಸರೆಗೆ ಹೊಸ ಕಾರು ತಗೊಂಡರು. ಆಯುಧಪೂಜೆಯ ದಿನ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಾಯಿತು, ಬೂದುಗುಂಬಳ ಒಡೆದಾಯಿತು. ಆಮೇಲೆ ಭಾವ ಎರಡೂ ಕೈಯನ್ನು ಮೇಲೆತ್ತಿ, ಖಾಲಿ ಎಂದು ನಮಗೆಲ್ಲ ತೋರಿಸಿ, ಹಿಡಿಗೆ ಬೆರಳು ತಾಗಿಸಿದರು. ಬಾಗಿಲು ತೆರೆಯಿತು. ಒಳಗೆ ಕೂತು ಗುಂಡಿ ಒತ್ತಿದರು. ಎಂಜಿನ್ ಶುರುವಾಯಿತು.

“ಕೀ ಹೊರಗೆ ತೆಗೀಲೇಬೇಕಾಗಿಲ್ಲ ಭಾವ, ಜೇಬಲ್ಲಿದ್ರೆ ಸಾಕು” ಎಂದರು ನನಗೆ.

ನನ್ನ ಹೆಂಡತಿಗೆ ಇಂಥದ್ದರಲ್ಲೆಲ್ಲ ಒಂದು ಅನುಮಾನ. “ನಿನ್ನ ಜೇಬಲ್ಲಿದೆ ಅಂತ ಅದಕ್ಕೆ ಹೇಗೆ ಗೊತ್ತಾಯ್ತು ಅಣ್ಣಾ?”

“ಅದು ಕೇಳತ್ತೆ, ಇದು ಹೇಳತ್ತೆ. ಅವೆರಡರ ಮಧ್ಯೆ ನಾವ್ಯಾಕೆ ಬರಬೇಕು?”

“ಮತ್ತೆ ಅವೆರಡರ ಮಧ್ಯೆ ಬೇರೆ ಯಾರಾದ್ರೂ ಬಂದ್ರೆ?”

ಭಾವ ನಕ್ಕುಬಿಟ್ಟರು. ಹೆಣ್ಣುಮಕ್ಕಳ ಇಂಥ ಪ್ರಶ್ನೆಗೆ ನಕ್ಕುಬಿಡುವುದು ಅವರ ಮನೆತನದ ಪದ್ಧತಿ. ಆದರೆ ಇದೇ ಪ್ರಶ್ನೆಯನ್ನು ಜ್ಯೂರಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯದ ಮೂವರು ಸಂಶೋಧಕರು ಕೇಳಿಕೊಂಡು, 2011ರಲ್ಲಿ ಅದರ ಮೇಲೊಂದು ದೊಡ್ಡ ಪ್ರಬಂಧವನ್ನೇ ಮಂಡಿಸಿದ್ದರು. ಆ ಕಥೆಗೆ ಆಮೇಲೆ ಬರುತ್ತೇನೆ.

ಮೊದಮೊದಲಿನ ಕಾರುಗಳಿಗೆ ಬೀಗದ ಯೋಚನೆಯೇ ಇದ್ದಂತಿಲ್ಲ. ಅವನ್ನು ಮುಂದೆ ನಿಂತು ಹ್ಯಾಂಡಲ್ ತಿರುಗಿಸಿ ಎಬ್ಬಿಸಬೇಕಿತ್ತು. ತಿರುಗಿಸುವವನ ತೋಳಿಗೆ ಹ್ಯಾಂಡಲ್ ವಾಪಸು ಬಡಿದು ಮೂಳೆ ಮುರಿಯುವುದೂ ಇತ್ತು. ಕದಿಯಲು ಬಂದವನೂ ಅದೇ ಹ್ಯಾಂಡಲ್ ಹಿಡಿಯಬೇಕಾದ್ದರಿಂದ ಅದೇ ಒಂದು ಕಾವಲಾಗಿತ್ತೇನೋ. 1912ರಲ್ಲಿ ಚಾರ್ಲ್ಸ್ ಕೆಟರಿಂಗ್ ಎಂಬಾತನ ಬುದ್ಧಿಯಿಂದ ಕ್ಯಾಡಿಲಾಕ್ ಕಾರಿಗೆ ಬ್ಯಾಟರಿಯ ಸ್ಟಾರ್ಟರ್ ಬಂತು. ಮಾಲೀಕರ ತೋಳು ಉಳಿಯಿತು, ಕಳ್ಳರದೂ ಉಳಿಯಿತು.

ಫೋರ್ಡ್ ಕಂಪನಿ ಒಟ್ಟು ಒಂದೂವರೆ ಕೋಟಿ ‘ಮಾಡೆಲ್ ಟಿ’ ಕಾರು ತಯಾರಿಸಿತು. ಬ್ಯಾಟರಿ ಸ್ಟಾರ್ಟರ್ ಬಂದ ಮೇಲಿನ ಆ ಕಾರುಗಳಿಗೆ 51ರಿಂದ 74ರವರೆಗೆ ನಂಬರು ಹಾಕಿದ ಕೀಗಳಿದ್ದವು. ಎಂದರೆ ಎಲ್ಲ ಸೇರಿ ಎರಡು ಡಜನ್ ಬಗೆ. ಎರಡು ಡಜನ್ ಕೀಯ ಗೊಂಚಲೊಂದು ಕೈಯಲ್ಲಿದ್ದವನಿಗೆ ಇಡೀ ಅಮೆರಿಕ ತನ್ನದೇ. ಆಗಿನವರು ಬಹುಶಃ ಇದನ್ನೊಂದು ದೋಷವೆಂದು ಎಣಿಸಿರಲಿಕ್ಕಿಲ್ಲ. ಕೀ ಕಳೆದುಹೋದರೆ ನೆರೆಮನೆಯದು ತಂದರಾಯಿತು ಎಂಬ ಸಮಾಧಾನವೇ ದೊಡ್ಡದಿದ್ದೀತು. ನಾನು ಚಿಕ್ಕವನಿದ್ದಾಗ ನಮ್ಮ ಬೀದಿಯಲ್ಲಿದ್ದ ಎರಡು ಅಂಬಾಸಿಡರ್‌ಗಳ ನಡುವೆ ಇಂಥದ್ದೇ ಹೊಂದಾಣಿಕೆಯಿತ್ತು. ಲಾಯರು ಕೀ ಮರೆತು ಬಂದ ದಿನ ಡಾಕ್ಟರ ಕೀ ತಂದು, ಸ್ವಲ್ಪ ಅಲುಗಿಸಿ, ಸ್ವಲ್ಪ ಬೈದು, ಬಾಗಿಲು ತೆಗೆಯುತ್ತಿದ್ದರು. ಸವೆದ ಬೀಗಕ್ಕೆ ಸವೆದ ಕೀ ಸಾಕು. ಆ ಕಾರುಗಳನ್ನು ಯಾರೂ ಕದಿಯಲಿಲ್ಲ. ಕದಿಯಲು ಬೇಕಾದ ಮುಖ್ಯ ಸಾಮಗ್ರಿ ಕೀಯಲ್ಲ, ಬೆಳಿಗ್ಗೆ ತಳ್ಳುವುದಕ್ಕೆ ನಾಲ್ಕು ಜನ.

ಇನ್ನೂ ಎಚ್ಚರದವರು ಕೀಯನ್ನು ನಂಬುತ್ತಲೇ ಇರಲಿಲ್ಲ. ಡಾಕ್ಟರು ಊರಿಗೆ ಹೋಗುವ ಮುಂಚೆ ಬಾನೆಟ್ ಎತ್ತಿ, ಡಿಸ್ಟ್ರಿಬ್ಯೂಟರ್ ಮುಚ್ಚಳ ಬಿಚ್ಚಿ, ಒಳಗಿನ ರೋಟರ್ ಎಂಬ ಪುಟ್ಟ ತುಂಡನ್ನು ಕರ್ಚೀಫಿನಲ್ಲಿ ಸುತ್ತಿ ಜೇಬಿಗಿಳಿಸುತ್ತಿದ್ದರು. ಅದಿಲ್ಲದೆ ಕಿಡಿ ಹಾರದು, ಕಿಡಿಯಿಲ್ಲದೆ ಕಾರಿಲ್ಲ. ಇದು ಅವರ ಸ್ವಂತ ಉಪಾಯ ಎಂದುಕೊಂಡಿದ್ದೆ. 1940ರಲ್ಲಿ ಜರ್ಮನ್ನರು ಬಂದಿಳಿಯುವ ಭಯದಲ್ಲಿದ್ದ ಬ್ರಿಟನ್ನಿನಲ್ಲಿ, ನಿಲ್ಲಿಸಿಹೋದ ವಾಹನ ಚಲಿಸದಂತೆ ಮಾಡಿಯೇ ಹೋಗಬೇಕೆಂದು ಸರ್ಕಾರದ ಕಟ್ಟಪ್ಪಣೆಯಿತ್ತೆಂದೂ, ಅಲ್ಲಿಯ ಜನ ಜೇಬಿನಲ್ಲಿ ರೋಟರ್ ಇಟ್ಟುಕೊಂಡೇ ಸಿನಿಮಾ ನೋಡುತ್ತಿದ್ದರೆಂದೂ ಆಮೇಲೆ ಓದಿದೆ. ಕೀಯ ಇತಿಹಾಸದಲ್ಲಿ ನನಗೆ ಅತ್ಯಂತ ಇಷ್ಟವಾದ ಘಟ್ಟ ಇದು. ಕಾರಿನ ಜೀವ ಜೇಬಿನಲ್ಲಿ, ಜೀವವಿದ್ದದ್ದು ಬಾಯಿಯಿಲ್ಲದ ತುಂಡಿನಲ್ಲಿ.

ಬಾಯಿ ಬಂದದ್ದು ಆಮೇಲೆ. 1986ರ ಕಾರ್ವೆಟ್ ಕಾರಿನ ಕೀ ಮೇಲೆ ಜನರಲ್ ಮೋಟರ್ಸ್‌ನವರು ಒಂದು ಪುಟ್ಟ ಪ್ರತಿರೋಧಕ ಕೂರಿಸಿದರು. ಹಲ್ಲು ಸರಿಹೊಂದಿದರೆ ಸಾಲದು, ಆ ಪ್ರತಿರೋಧದ ಅಳತೆಯೂ ಸರಿಯಿರಬೇಕು. ಒಟ್ಟು ಹದಿನೈದು ಅಳತೆ. ಕಳ್ಳರಿಗೂ ಹದಿನೈದರವರೆಗೆ ಎಣಿಸಲು ಬರುತ್ತಿದ್ದುದೊಂದೇ ತೊಂದರೆ. ಅಲ್ಲಿಂದ ಮುಂದೆ ಕೀಯ ಕಪ್ಪು ಪ್ಲಾಸ್ಟಿಕ್ ತಲೆಯೊಳಗೆ ಅಕ್ಕಿಕಾಳಿನಷ್ಟು ದೊಡ್ಡ ಚಿಪ್ ಬಂತು. ಕೀ ತಿರುಗಿಸಿದಾಗ ಕಾರು ಆ ಚಿಪ್ಪನ್ನು ಮಾತಾಡಿಸುತ್ತದೆ. ಉತ್ತರ ತಪ್ಪಿದರೆ ಎಂಜಿನ್ ಹೊತ್ತಿಕೊಳ್ಳುವುದಿಲ್ಲ. ಇಮ್ಮೊಬಿಲೈಸರ್ ಎನ್ನುವ ಈ ಏರ್ಪಾಟನ್ನು ಯುರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆ ಕಡ್ಡಾಯ ಮಾಡಿದರು. ಅದರಿಂದ ಆದ ಉಪಕಾರ ಸಣ್ಣದಲ್ಲ. ನೆದರ್ಲೆಂಡ್ಸ್‌ನ ಇಬ್ಬರು ಅರ್ಥಶಾಸ್ತ್ರಜ್ಞರು 1995ರಿಂದ 2008ರವರೆಗಿನ ಲೆಕ್ಕ ಹಾಕಿ, ಇದೊಂದರಿಂದಲೇ ಕಾರುಗಳ್ಳತನ ಶೇ. 40ರಷ್ಟು ಇಳಿಯಿತೆಂದು ತೋರಿಸಿದ್ದಾರೆ. ಈ ಬರಹದಲ್ಲಿ ನಾನು ಕೀಗಳ ಮೇಲೆ ಮಾಡುವ ದೂರುಗಳನ್ನೆಲ್ಲ ಓದುವಾಗ ಇದನ್ನೂ ಜ್ಞಾಪಕದಲ್ಲಿಟ್ಟುಕೊಳ್ಳಬೇಕು.

ಕಾರು ಕೀಯನ್ನು ಮಾತಾಡಿಸುವ ಕ್ರಮ ಹೊಸದೆಂದು ಎಂಜಿನಿಯರುಗಳು ಬೀಗುವಂತಿಲ್ಲ. ಸುಂದರಕಾಂಡದಲ್ಲಿ ಇದಕ್ಕಿಂತ ಚೆನ್ನಾಗಿದೆ. ಶಿಂಶಪಾ ವೃಕ್ಷದಿಂದ ಇಳಿದು ಬಂದ ಕಪಿಯನ್ನು ಸೀತೆ ಸುಮ್ಮನೆ ನಂಬಿಬಿಡಲಿಲ್ಲ. ಹಿಂದೊಮ್ಮೆ ಸನ್ಯಾಸಿಯ ವೇಷವನ್ನು ನಂಬಿ ಲಂಕೆಗೆ ಬಂದವಳು ಅವಳು. ‘ರಾಮದೂತನಾದರೆ ರಾಮ ಹೇಗಿದ್ದಾನೆ ಹೇಳು, ಲಕ್ಷ್ಮಣ ಹೇಗಿದ್ದಾನೆ ಹೇಳು’ ಎಂದು ಮೊದಲು ಪ್ರಶ್ನೆ ಹಾಕಿದಳು. ಹನುಮಂತ ಅಂಗ ಅಂಗವಾಗಿ ವರ್ಣಿಸಿದ. ಉಂಗುರ ಹೊರಬಂದದ್ದು ಆಮೇಲೆ. ಬರಿಯ ಉಂಗುರವನ್ನು ಯಾರಾದರೂ ಕದ್ದು ತರಬಹುದು, ಉತ್ತರವನ್ನು ಕದಿಯುವುದು ಕಷ್ಟ. ಅಷ್ಟಕ್ಕೇ ಮುಗಿಯಲಿಲ್ಲ. ಹಿಂತಿರುಗುವಾಗ ಚೂಡಾಮಣಿಯ ಜೊತೆಗೆ ಚಿತ್ರಕೂಟದ ಕಾಗೆಯ ಕಥೆಯನ್ನೂ ಹೇಳಿ ಕಳಿಸಿದಳು. ಗಂಡ ಹೆಂಡಿರಿಬ್ಬರಿಗೇ ಗೊತ್ತಿದ್ದ ಸಂಗತಿ. ಪ್ರಶ್ನೆ, ಉತ್ತರ, ಮುದ್ರೆ, ಎರಡು ಕಡೆಯಿಂದಲೂ ಪರಿಶೀಲನೆ. ಇವತ್ತಿನ ಕಾರು ಕಂಪನಿಗಳಲ್ಲಿ ಎಷ್ಟೋ ಇಷ್ಟನ್ನು ಮಾಡುವುದಿಲ್ಲ.

ಈಗ ಭಾವನ ಕೀಗೆ ಬನ್ನಿ. ಹಿಡಿಗೆ ಬೆರಳು ತಾಗಿದ ಕೂಡಲೇ ಕಾರು ಸಣ್ಣ ದನಿಯಲ್ಲಿ, 125 ಕಿಲೋಹರ್ಟ್ಸ್‌ನ ಆಸುಪಾಸಿನಲ್ಲಿ, ‘ಇದ್ದೀಯಾ?’ ಎಂದು ಕೂಗುತ್ತದೆ. ಆ ಕೂಗು ಒಂದೆರಡು ಮೀಟರಿನಾಚೆ ಕೇಳಿಸುವುದಿಲ್ಲ. ಕೇಳಿಸಿದ ಕೀ ಹೆಚ್ಚು ಕಂಪನಾಂಕದಲ್ಲಿ, 433 ಮೆಗಾಹರ್ಟ್ಸ್ ಹತ್ತಿರ, ಉತ್ತರ ಕೊಡುತ್ತದೆ. ಉತ್ತರ ಗೂಢಲಿಪಿಯಲ್ಲಿದೆ, ಸರಿಯಾಗಿಯೇ ಇದೆ. ಎಲ್ಲ ನಿಂತಿರುವುದು ಒಂದು ನಂಬಿಕೆಯ ಮೇಲೆ: ಉತ್ತರ ಬಂತೆಂದ ಮೇಲೆ ಕೀ ಹತ್ತಿರದಲ್ಲೇ ಇರಬೇಕು.

ರಾವಣನಿಗೆ ಈ ನಂಬಿಕೆ ಗೊತ್ತಿದ್ದರೆ ಏನು ಮಾಡುತ್ತಿದ್ದ? ಒಬ್ಬ ರಾಕ್ಷಸನನ್ನು ಅಶೋಕವನದಲ್ಲಿ ಸೀತೆಯ ಮುಂದೆ ನಿಲ್ಲಿಸಿ, ಇನ್ನೊಬ್ಬನನ್ನು ಕಿಷ್ಕಿಂಧೆಯಲ್ಲಿ ರಾಮನ ಪಕ್ಕ ಬಿಡುತ್ತಿದ್ದ. ಸೀತೆಯ ಪ್ರಶ್ನೆಯನ್ನು ಇವನು ಅವನಿಗೆ ದಾಟಿಸುತ್ತಾನೆ. ಅವನು ರಾಮನನ್ನು ಕೇಳುತ್ತಾನೆ. ರಾಮ ಸತ್ಯಸಂಧ, ಸರಿಯಾದ ಉತ್ತರವನ್ನೇ ಕೊಡುತ್ತಾನೆ. ಅದು ಹಾಗೇ ಲಂಕೆಗೆ ಬರುತ್ತದೆ. ನಡುವಿನ ರಾಕ್ಷಸರಿಗೆ ಕಾಗೆಯ ಕಥೆ ಅರ್ಥವಾಗಬೇಕಾದ ಅಗತ್ಯವೇ ಇಲ್ಲ. ಅಂದಮೇಲೆ ಗೂಢಲಿಪಿ ಎಷ್ಟು ಗಟ್ಟಿಯಾಗಿದ್ದರೇನು? ಜ್ಯೂರಿಕ್‌ನ ಮೂವರು ತೋರಿಸಿದ್ದು ಇದನ್ನೇ. ಎಂಟು ಕಂಪನಿಗಳ ಹತ್ತು ಕಾರುಗಳನ್ನು ತಂದು, ಕಾರಿನ ಕೂಗನ್ನು ಹಿಗ್ಗಿಸಿ ದಾಟಿಸುವ ಎರಡು ಆಂಟೆನಾ ಇಟ್ಟುಕೊಂಡು, ಐವತ್ತು ಮೀಟರಿನವರೆಗೂ ದೂರವಿದ್ದ ಕೀಗಳಿಂದ ಬಾಗಿಲು ತೆರೆಸಿದರು, ಎಂಜಿನ್ ಎಬ್ಬಿಸಿದರು. ಉಪಕರಣಕ್ಕೆ ತಗಲುವ ಖರ್ಚು ನೂರರಿಂದ ಸಾವಿರ ಡಾಲರ್.

ಪ್ರಬಂಧಗಳನ್ನು ಓದುವುದು ಸಂಶೋಧಕರು ಮಾತ್ರ ಎಂಬ ಒಂದು ತಪ್ಪು ಕಲ್ಪನೆ ನಮ್ಮ ವಿಶ್ವವಿದ್ಯಾಲಯಗಳಲ್ಲಿದೆ. 2017ರಲ್ಲಿ ಇಂಗ್ಲೆಂಡಿನ ವೆಸ್ಟ್ ಮಿಡ್‌ಲ್ಯಾಂಡ್ಸ್ ಪೊಲೀಸರು ಸೋಲಿಹಲ್ ಊರಿನ ಒಂದು ಮನೆಯ ಕ್ಯಾಮೆರಾ ಚಿತ್ರವನ್ನು ಬಿಡುಗಡೆ ಮಾಡಿದರು. ಇಬ್ಬರು ಬರುತ್ತಾರೆ. ಒಬ್ಬ ಕಾರಿನ ಪಕ್ಕ ನಿಲ್ಲುತ್ತಾನೆ. ಇನ್ನೊಬ್ಬ ಮನೆಯ ಮುಂಬಾಗಿಲ ಹತ್ತಿರ ಒಂದು ಪೆಟ್ಟಿಗೆ ಹಿಡಿದು ಆಚೀಚೆ ಆಡಿಸುತ್ತಾನೆ, ಗೋಡೆಗೆ ಮಂಗಳಾರತಿ ಎತ್ತುತ್ತಿದ್ದಾನೇನೋ ಅನ್ನಿಸಬೇಕು. ಒಂದು ನಿಮಿಷದ ಆಸುಪಾಸಿನಲ್ಲಿ ಬೆಂಜ್ ಕಾರು ಹೊರಟುಹೋಯಿತು. ಗಾಜು ಒಡೆಯಲಿಲ್ಲ, ಅಲಾರಂ ಕೂಗಲಿಲ್ಲ. ಮನೆಯೊಳಗಿದ್ದ ಕೀ ಯಾರೋ ಕೇಳಿದ್ದಕ್ಕೆ ವಿನಯದಿಂದ ಉತ್ತರ ಕೊಟ್ಟಿತ್ತು, ಅಷ್ಟೆ.

ನನ್ನ ತಕರಾರು ಇಲ್ಲೇ ಇರುವುದು. ಗುಂಡಿ ಒತ್ತಿದರೆ ಮಾತ್ರ ಮಾತಾಡುವ ಕೀಗೆ ಕನಿಷ್ಠ ಯಜಮಾನನ ಹೆಬ್ಬೆರಳ ಅಪ್ಪಣೆ ಬೇಕಿತ್ತು. ಈ ಹೊಸ ಕೀ ಯಜಮಾನನನ್ನು ಕೇಳುವುದೇ ಇಲ್ಲ. ಅವನು ಗೊರಕೆ ಹೊಡೆಯುತ್ತಿದ್ದರೂ ಅದು ಎಚ್ಚರ, ಕೇಳಿದವರಿಗೆಲ್ಲ ‘ಇದ್ದೀನಿ’ ಎನ್ನುತ್ತದೆ. ಇಷ್ಟೆಲ್ಲ ಆದದ್ದು ಯಾವ ಮಹಾಕಾರ್ಯಕ್ಕೆ? ಜೇಬಿನಿಂದ ಕೀ ತೆಗೆಯುವ ಶ್ರಮ ಉಳಿಸಲಿಕ್ಕೆ. ಜೇಬಿಗೆ ಕೈ ಹಾಕುವುದೂ ಒಂದು ಕಷ್ಟವೆಂದು ಮನುಷ್ಯನಿಗೆ ಯಾವಾಗ ಅನ್ನಿಸಿತೋ ನನಗೆ ತಿಳಿಯದು. ಸಾಲ ಕೊಡಬೇಕಾದಾಗ ಬಿಟ್ಟರೆ ನನಗೆ ಎಂದೂ ಅನ್ನಿಸಿಲ್ಲ.

ಹಾಗೆಂದು ಗುಂಡಿ ಒತ್ತುವ ಕೀಗಳು ಪತಿವ್ರತೆಯರೇನಲ್ಲ. ಒತ್ತಿದಾಗಲೆಲ್ಲ ಹೊಸ ಸಂಕೇತ ಕಳಿಸುವ ಏರ್ಪಾಟು ಅವುಗಳದು. ಒಮ್ಮೆ ಹೇಳಿದ್ದನ್ನು ಕಾರು ಮತ್ತೊಮ್ಮೆ ಒಪ್ಪುವುದಿಲ್ಲ. 2015ರಲ್ಲಿ ಲಾಸ್ ವೇಗಸ್‌ನ ಹ್ಯಾಕರುಗಳ ಸಮ್ಮೇಳನದಲ್ಲಿ ಸ್ಯಾಮಿ ಕಮ್ಕಾರ್ ಎಂಬಾತ 32 ಡಾಲರಿನ ಒಂದು ಡಬ್ಬಿ ತೋರಿಸಿದ. ನೀವು ಗುಂಡಿ ಒತ್ತುತ್ತೀರಿ. ಡಬ್ಬಿ ಗದ್ದಲವೆಬ್ಬಿಸಿ ಸಂಕೇತ ಕಾರಿಗೆ ತಲುಪದಂತೆ ಮಾಡಿ, ತಾನು ಮಾತ್ರ ಕೇಳಿಸಿಕೊಳ್ಳುತ್ತದೆ. ಬಾಗಿಲು ತೆರೆಯಲಿಲ್ಲವಲ್ಲ ಎಂದು ನೀವು ಮತ್ತೊಮ್ಮೆ ಒತ್ತುತ್ತೀರಿ. ಡಬ್ಬಿ ಎರಡನೆಯದನ್ನೂ ಹಿಡಿದಿಟ್ಟುಕೊಂಡು, ಮೊದಲನೆಯದನ್ನು ಕಾರಿಗೆ ಬಿಡುತ್ತದೆ. ಬಾಗಿಲು ತೆರೆಯಿತು, ನಿಮಗೆ ಸಂತೋಷ. ಇನ್ನೂ ಬಳಸದ ಒಂದು ಸಂಕೇತ ಡಬ್ಬಿಯಲ್ಲೇ ಉಳಿಯಿತು, ಕಳ್ಳನಿಗೂ ಸಂತೋಷ. ಟಿವಿ ರಿಮೋಟನ್ನು ಎರಡೆರಡು ಸಲ ಒತ್ತಿ, ಆಮೇಲೆ ಅಂಗೈಗೆ ಬಡಿದು, ಮತ್ತೆ ಒತ್ತುವ ಅಭ್ಯಾಸವಿರುವ ನಮ್ಮಂಥವರಿಗೆ ಇದು ಗೊತ್ತೇ ಆಗುವುದಿಲ್ಲ.

ಇಂಥ ದೋಷ ಕಂಡುಹಿಡಿದವರಿಗೆ ಕಂಪನಿಗಳು ಶಾಲು ಹೊದಿಸುತ್ತವೆಂದು ತಿಳಿಯಬೇಡಿ. ಬರ್ಮಿಂಗ್‌ಹ್ಯಾಮ್‌ನ ಫ್ಲಾವಿಯೊ ಗಾರ್ಸಿಯಾ ಮತ್ತು ನೆದರ್ಲೆಂಡ್ಸ್‌ನ ಅವರ ಜೊತೆಗಾರರು, ಹಲವು ಕಂಪನಿಗಳ ಕಾರುಗಳಲ್ಲಿದ್ದ ‘ಮೆಗಾಮೋಸ್’ ಎಂಬ ಚಿಪ್ಪಿನ ಗುಟ್ಟನ್ನು ಬಿಡಿಸಿ, ಚಿಪ್ ಮಾಡುವವರಿಗೆ ಮೊದಲೇ ತಿಳಿಸಿ, 2013ರಲ್ಲಿ ಪ್ರಬಂಧ ಮಂಡಿಸಲು ಹೊರಟಿದ್ದರು. ಫೋಕ್ಸ್‌ವ್ಯಾಗನ್ ಲಂಡನ್ನಿನ ಹೈಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದಿತು. ಎರಡು ವರ್ಷ ಮಾತುಕತೆ ನಡೆದು, 2015ರಲ್ಲಿ ಪ್ರಬಂಧ ಪ್ರಕಟವಾಯಿತು. ತೆಗೆದುಹಾಕಿದ್ದು ಎಷ್ಟು ಗೊತ್ತೆ? ಒಂದು ವಾಕ್ಯ. ಒಂದು ವಾಕ್ಯಕ್ಕೆ ಎರಡು ವರ್ಷ! ನನ್ನ ಪ್ರಬಂಧಗಳಿಂದ ಸಂಪಾದಕರು ಎರಡು ನಿಮಿಷದಲ್ಲಿ ಪುಟಗಟ್ಟಲೆ ಕಿತ್ತುಹಾಕಿರುವುದುಂಟು, ಯಾವ ಕಾರಿನ ಕಂಪನಿಯೂ ಕೃತಜ್ಞತೆ ಹೇಳಿಲ್ಲ. ಮರುವರ್ಷವೇ ಗಾರ್ಸಿಯಾ ತಂಡ ಇನ್ನೊಂದು ಪ್ರಬಂಧ ತಂದಿತು: ಅದೇ ಫೋಕ್ಸ್‌ವ್ಯಾಗನ್ ಸಮೂಹದ 1995ರಿಂದೀಚಿನ ಬಹುಪಾಲು ಕಾರುಗಳ ಬಾಗಿಲ ರಿಮೋಟುಗಳು ಕೆಲವೇ ಕೆಲವು ಮೂಲಸಂಕೇತಗಳ ಮೇಲೆ ನಿಂತಿವೆ ಎಂದು. ‘ಮಾಡೆಲ್ ಟಿ’ಯ ಎರಡು ಡಜನ್ನು ಇದಕ್ಕಿಂತ ಉದಾರವಾಗಿತ್ತು.

ಲಂಡನ್ನಿನ ಇನ್ನೊಂದು ಪ್ರಸಂಗ ಹೇಳದಿದ್ದರೆ ಮನಸ್ಸು ತಡೆಯದು. 2022ರಲ್ಲಿ ಅಲ್ಲೊಬ್ಬರ ಟೊಯೊಟಾ ಕಾರಿನ ಮುಂದಿನ ಬಂಪರನ್ನು ಯಾರೋ ಎಳೆದು, ಹೆಡ್‌ಲೈಟಿನ ತಂತಿ ಕಿತ್ತುಹಾಕಿದ್ದರು. ಪುಂಡ ಹುಡುಗರ ಕೆಲಸವೆಂದುಕೊಂಡರು. ಸ್ವಲ್ಪ ಸಮಯದ ನಂತರ ಮತ್ತೆ ಅದೇ ಜಾಗಕ್ಕೆ ಪೆಟ್ಟು. ಕೊನೆಗೊಂದು ದಿನ ಕಾರೇ ಇಲ್ಲ. ಕಳೆದುಕೊಂಡವರು ಬೇರೆ ಯಾರೂ ಅಲ್ಲ, ವಾಹನಗಳ ಎಲೆಕ್ಟ್ರಾನಿಕ್ ಭದ್ರತೆಯನ್ನೇ ವೃತ್ತಿ ಮಾಡಿಕೊಂಡಿದ್ದ ಸಂಶೋಧಕರು. ಬೇರೆಯವರಾಗಿದ್ದರೆ ವಿಮೆ ತೆಗೆದುಕೊಂಡು ಸುಮ್ಮನಾಗುತ್ತಿದ್ದರು. ಇವರು ಬೆನ್ನುಹತ್ತಿದರು. ಕಳ್ಳರು ಬಳಸುವ ಉಪಕರಣವನ್ನೇ ಹುಡುಕಿ ಕೊಂಡರು. ನೋಡಿದರೆ ಅದು ಹಾಡು ಕೇಳುವ ಬ್ಲೂಟೂತ್ ಸ್ಪೀಕರ್! ಒಳಗೆ ಮಾತ್ರ ಬೇರೆಯದೇ ಸರಂಜಾಮು. ಕೆನ್ ಟಿಂಡೆಲ್ ಎಂಬ ತಜ್ಞರ ಜೊತೆ ಸೇರಿ ಅದರ ಮರ್ಮ ಬಿಡಿಸಿ, 2023ರಲ್ಲಿ ಲೋಕಕ್ಕೆ ತಿಳಿಸಿದರು. ಈಗಿನ ಕಾರಿನಲ್ಲಿ ದೀಪ, ಬಾಗಿಲು, ಎಂಜಿನ್ ಎಲ್ಲಕ್ಕೂ ಒಂದೊಂದು ಪುಟ್ಟ ಕಂಪ್ಯೂಟರು; ಎಲ್ಲವೂ ಒಂದೇ ತಂತಿಯ ಮೇಲೆ ಮಾತಾಡಿಕೊಳ್ಳುತ್ತವೆ. ಹೆಡ್‌ಲೈಟಿನ ಹಿಂದೆ ಆ ತಂತಿಗೆ ಕೈಹಾಕಿ ‘ಕೀ ಪರೀಕ್ಷೆ ಆಯಿತು, ಸರಿಯಾಗಿದೆ’ ಎಂದು ಯಾರೋ ಹೇಳಿದರೆ, ಉಳಿದ ಕಂಪ್ಯೂಟರುಗಳು ಹೌದೆ ಎಂದು ನಂಬಿಬಿಡುತ್ತವೆ. ಇಲ್ಲಿ ಕೀಯ ಪಾತ್ರವೇ ಇಲ್ಲ. ಸಂಶೋಧಕರ ಕೀ ಅವರ ಮನೆಯಲ್ಲೇ, ಕಡು ನಿಷ್ಠೆಯಿಂದ, ಬಾಯಿ ಮುಚ್ಚಿಕೊಂಡಿದ್ದಿರಬಹುದು.

ಅತ್ತ ಅಮೆರಿಕದ ಕಥೆ ಇದರ ಉಲ್ಟಾ. ಅಲ್ಲಿ ಇಮ್ಮೊಬಿಲೈಸರ್ ಕಡ್ಡಾಯವಲ್ಲ. ಪಕ್ಕದ ಕೆನಡಾದಲ್ಲಿ 2007ರಿಂದ ಕಡ್ಡಾಯ. ಹಾಗಾಗಿ ಕಿಯಾ ಮತ್ತು ಹ್ಯುಂಡೈ ಕಂಪನಿಗಳು ಅಮೆರಿಕದಲ್ಲಿ ಮಾರಿದ ಅಗ್ಗದ ಮಾದರಿಗಳಿಗೆ ಅದನ್ನು ಹಾಕದೆ ಉಳಿತಾಯ ಮಾಡಿದವು. ಮಿಲ್ವಾಕಿ ನಗರದ ಹುಡುಗರು ಗುಟ್ಟು ಕಂಡುಕೊಂಡರು: ಸ್ಟೀರಿಂಗ್ ಕೆಳಗಿನ ಪ್ಲಾಸ್ಟಿಕ್ ಕಿತ್ತರೆ ಅಲ್ಲೊಂದು ಮೊಳಕೆಯಂಥ ತುಂಡು, ಅದಕ್ಕೆ ಫೋನ್ ಚಾರ್ಜ್ ಮಾಡುವ ಯುಎಸ್‌ಬಿ ಕೇಬಲಿನ ತುದಿ ಸರಿಯಾಗಿ ಕೂರುತ್ತದೆ, ತಿರುಗಿಸಿದರಾಯಿತು. 2022ರಲ್ಲಿ ಅದರ ವಿಡಿಯೊ ದೇಶವೆಲ್ಲ ಹಬ್ಬಿ, ಮೀಸೆ ಮೂಡದ ಹುಡುಗರು ಕಾರು ಕದ್ದು ಓಡಿಸಿ, ಗುದ್ದಿ, ಜೀವವನ್ನೂ ಕಳೆದುಕೊಂಡರು. ಮರುವರ್ಷ ಕಂಪನಿಗಳು 83 ಲಕ್ಷ ಕಾರುಗಳಿಗೆ ತಂತ್ರಾಂಶದ ತೇಪೆ ಹಾಕಲು ಹೊರಟವು. ಸುಮಾರು 20 ಕೋಟಿ ಡಾಲರಿನ ರಾಜಿಗೂ ಒಪ್ಪಿದವು. ಇವೆಲ್ಲದರ ಜೊತೆಗೆ ಪೊಲೀಸ್ ಠಾಣೆಗಳ ಮೂಲಕ ಮಾಲೀಕರಿಗೆ ಪುಕ್ಕಟೆ ಹಂಚಿದ್ದೇನು ಗೊತ್ತೆ? ಸ್ಟೀರಿಂಗಿಗೆ ಅಡ್ಡ ಹಾಕಿ ಬೀಗ ಹಾಕುವ ಕಬ್ಬಿಣದ ದೊಣ್ಣೆ.

ನಮ್ಮ ಕಡೆ ಇಷ್ಟೆಲ್ಲ ವಿದ್ಯೆ ಬೇಕಾಗುವುದು ದುಬಾರಿ ಕಾರಿಗೆ ಮಾತ್ರ. ಅಲ್ಲಿಯೂ ರೇಡಿಯೊಗಿಂತ ಹೆಚ್ಚಾಗಿ ನಡೆಯುವುದು ಗಾಜು ಒಡೆದು ಒಳನುಗ್ಗಿ, ಸ್ಟೀರಿಂಗ್ ಕೆಳಗಿನ ಸರ್ವೀಸ್ ಪ್ಲಗ್ಗಿಗೆ ಒಂದು ಟ್ಯಾಬು ಸಿಕ್ಕಿಸಿ, ಹೊಸದೊಂದು ಕೀಯನ್ನು ಕಾರಿಗೆ ಪರಿಚಯ ಮಾಡಿಸುವ ವಿಧಾನ. ಕೀ ಕಳೆದುಕೊಂಡವರಿಗೆ ನೆರವಾಗಲೆಂದು ಗ್ಯಾರೇಜುಗಳಿಗಾಗಿ ಮಾಡಿದ ಯಂತ್ರ ಅದು. ಕಳ್ಳನೂ ಕೀ ಇಲ್ಲದವನೇ ತಾನೆ. ಕದ್ದ ಕಾರಿಗೆ, ಅಪಘಾತದಲ್ಲಿ ಜಜ್ಜಿಹೋದ ಅದೇ ಬಗೆಯ ಕಾರಿನ ಕಾಗದಪತ್ರ ಕೊಂಡು, ಅದರ ಚಾಸಿ ನಂಬರನ್ನು ಕೆತ್ತಿಬಿಟ್ಟರೆ ಪುನರ್ಜನ್ಮ. ಇದಕ್ಕೆ ತಡೆಯೆಂದು ಸರ್ಕಾರ ಕಿತ್ತರೆ ಮತ್ತೆ ಕೂರಿಸಲಾಗದ ಲಾಕು, ಹೊಲೊಗ್ರಾಂ ಇರುವ ನಂಬರ್ ಪ್ಲೇಟನ್ನು 2019ರ ಏಪ್ರಿಲ್‌ನಿಂದ ಹೊಸ ವಾಹನಗಳಿಗೆ ಕಡ್ಡಾಯ ಮಾಡಿತು. ಹಳೆಯ ವಾಹನಗಳಿಗೂ ಹಾಕಿಸಬೇಕೆಂದು 2023ರಲ್ಲಿ ಕರ್ನಾಟಕ ಸರ್ಕಾರ ಹೇಳಿದ ಮೇಲೆ ಕೊನೆಯ ದಿನಾಂಕ ಎಷ್ಟು ಸಲ ಮುಂದೆ ಹೋಯಿತೆಂದರೆ, ಕಳ್ಳರೂ ಕಾದು ಬೇಸತ್ತಿರಬೇಕು.

ಆದರೆ ನಮ್ಮಲ್ಲಿ ಹೆಚ್ಚು ಹೋಗುವುದು ಬೈಕು, ಸ್ಕೂಟರು. ಅವನ್ನು ಕದಿಯಲು ಜ್ಯೂರಿಕ್ ಬೇಡ, ಮೊಣಕಾಲಿದ್ದರೆ ಸಾಕು. ಹ್ಯಾಂಡಲಿನ ಒಂದು ತುದಿಗೆ ಕಾಲು ಕೊಟ್ಟು ಜಾಡಿಸಿದರೆ ಲಾಕು ಟಪ್ಪೆನ್ನುತ್ತದೆ. ಎರಡು ತಂತಿ ಸೇರಿಸಿದರೆ ಗಾಡಿ ಎದ್ದಿತು. ಅಷ್ಟೂ ಶ್ರಮ ಕೊಡದೆ, ಹಾಲಿನ ಬೂತಿನ ಮುಂದೆ ಎಂಜಿನ್ ಚಾಲೂ ಇಟ್ಟು “ಒಂದೇ ನಿಮಿಷ” ಎಂದು ಇಳಿದುಹೋಗುವ ದಾನಶೂರರೂ ನಮ್ಮ ಬಡಾವಣೆಯಲ್ಲಿದ್ದಾರೆ.

ಸೋಲಿಹಲ್ ವಿಡಿಯೊ ಭಾವನ ಫೋನಿಗೆ ಯಾರು ಕಳಿಸಿದರೋ, ಅವರ ನಗು ನಿಂತಿತು. ಕೀಯನ್ನು ಲೋಹದ ಡಬ್ಬಿಯೊಳಗಿಟ್ಟರೆ ಅದರ ಮಾತು ಹೊರಗೆ ಬಾರದೆಂದು ಎಲ್ಲೋ ಓದಿ, ಅಡುಗೆಮನೆಗೆ ನುಗ್ಗಿದರು. ಮೊದಲು ಸಿಕ್ಕಿದ್ದು ಹಾರ್ಲಿಕ್ಸ್ ಬಾಟಲಿ; ಅದರೊಳಗೆ ಕೀ ಹಾಕಿ ಕಾರಿನ ಹತ್ತಿರ ಹೋಗಿ ಹಿಡಿ ಮುಟ್ಟಿದರೆ ಬಾಗಿಲು ಸಲೀಸಾಗಿ ತೆರೆಯಿತು. ಆಮೇಲೆ ಅವಲಕ್ಕಿ ಡಬ್ಬಿ: ಸ್ಟೀಲೇನೋ ಹೌದು, ಮುಚ್ಚಳ ಸಡಿಲ. ಮತ್ತೂ ತೆರೆಯಿತು. ಕಡೆಗೆ ಅತ್ತಿಗೆಯ ವಿರೋಧದ ನಡುವೆ ಇಂಗಿನ ಡಬ್ಬಿ ಬಂತು. ಬಿಗಿ ಮುಚ್ಚಳ. ಭಾವ ಹಿಡಿ ಮುಟ್ಟಿದರು, ಎಳೆದರು, ತಟ್ಟಿದರು. ಕಾರು ಜಪ್ಪೆನ್ನಲಿಲ್ಲ. ಅಂದಿನಿಂದ ಅವರ ಕೀ ರಾತ್ರಿಯೆಲ್ಲ ಆ ಡಬ್ಬಿಯಲ್ಲಿರುತ್ತದೆ. ಕಾರಿನೊಳಗೆ ಕೂತರೆ ಒಗ್ಗರಣೆಯ ವಾಸನೆ.

ಈ ಪರೀಕ್ಷೆ ನೀವೂ ಮಾಡಬಹುದು. ಕೀಯ ಬಾಯಿ ಕಟ್ಟಲೆಂದು ‘ಫ್ಯಾರಡೆ ಚೀಲ’ದ ಹೆಸರಿನಲ್ಲಿ ಮಾರುವ ಸಂಚಿ ಕೊಂಡವರಂತೂ ಮಾಡಲೇಬೇಕು. ಎಷ್ಟೋ ಕಾರುಗಳಲ್ಲಿ ಈ ಕೈ ತಾಗಿಸಿ ತೆರೆಯುವ ಸೌಕರ್ಯವನ್ನೇ ನಿಲ್ಲಿಸಿಡಬಹುದು, ಕೈಪಿಡಿಯಲ್ಲಿ ಬರೆದಿರುತ್ತಾರೆ. ಆ ಕೈಪಿಡಿಯನ್ನು ಓದಿದವರನ್ನು ನಾನಿನ್ನೂ ನೋಡಿಲ್ಲ. ಕಂಪನಿಗಳೂ ಸುಮ್ಮನೆ ಕೂತಿಲ್ಲ. ಫೋರ್ಡ್‌ನವರು 2019ರಲ್ಲಿ ಬ್ರಿಟನ್ನಿನ ಕಾರುಗಳಿಗೆ, ನಲವತ್ತು ಸೆಕೆಂಡು ಅಲುಗದೆ ಇದ್ದರೆ ನಿದ್ದೆಹೋಗುವ ಕೀ ಕೊಟ್ಟರು. ಇನ್ನೂ ಹೊಸ ದುಬಾರಿ ಕಾರುಗಳು ಉತ್ತರ ಬರಲು ಎಷ್ಟು ಹೊತ್ತು ಹಿಡಿಯಿತೆಂದು ಅಳೆಯುತ್ತವೆ. ರೇಡಿಯೊ ಅಲೆ ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗದಲ್ಲಿ ಹೋಗುವುದು ಒಂದಡಿ ಮಾತ್ರ, ಆದ್ದರಿಂದ ದೂರ ಅಡಗಿಸಲಾಗದು. ಸೀತೆಯ ಬಳಿ ಇಂಥ ಗಡಿಯಾರವಿದ್ದಿದ್ದರೆ ಉತ್ತರ ಮರದಿಂದ ಬಂತೋ, ನೂರು ಯೋಜನದಾಚೆಯ ಕಡಲಿನಾಚೆಯಿಂದ ಬಂತೋ ತಕ್ಷಣ ಹೇಳಿಬಿಡುತ್ತಿದ್ದಳು.

ಆ ಕಾರುಗಳು ನಮ್ಮ ಅಂಗಳಕ್ಕೆ ಬರುವ ತನಕ ಕಬ್ಬಿಣವೇ ಗತಿ. ನಮ್ಮ ಮೆಕ್ಯಾನಿಕ್‌ಗೆ ಇದರಲ್ಲಿ ಸಂದೇಹವೇ ಇಲ್ಲ. “ಗೇರ್ ಲಾಕ್ ಹಾಕ್ಸಿ ಸಾರ್, ಪೆಟ್ರೋಲ್ ಪಂಪಿನ ತಂತಿಗೊಂದು ಗುಪ್ತ ಸ್ವಿಚ್ ಇಡೋಣ. ಎಲ್ಲಿಟ್ಟಿದೀವಿ ಅಂತ ಮನೇಲಿ ಒಬ್ಬರಿಗೆ ಹೇಳಿರಿ, ನೀವು ಮರೆತುಬಿಡ್ತೀರಾ” ಎಂದ. ಇಂಥದ್ದನ್ನು ಕಳ್ಳನಿಗೆ ಮುರಿಯಲಾಗದು ಎಂದಲ್ಲ. ಮುರಿಯಲು ಗರಗಸ ಬೇಕು, ಸದ್ದಾಗುತ್ತದೆ, ಹೊತ್ತು ಹಿಡಿಯುತ್ತದೆ. ಕಳ್ಳನಿಗೆ ಈ ಮೂರೂ ಆಗದು. ಅಕ್ಕಿಕಾಳಿನಷ್ಟು ಚಿಪ್ಪಿನಲ್ಲಿ ಗೂಢಲಿಪಿ ತುಂಬಿದ ಶತಮಾನದಲ್ಲಿ ಕಂಪನಿಗಳೇ ದೊಣ್ಣೆ ಹಂಚಿದವೆಂದರೆ ನಮ್ಮ ಮೆಕ್ಯಾನಿಕ್‌ನ ಮಾತಿಗೆ ಬೇರೆ ಸಾಕ್ಷಿ ಏಕೆ?

ಇನ್ನು ಗಾಡಿ ಹೋಗಿಯೇಬಿಟ್ಟಿತೆನ್ನಿ. ಅದೇ ದಿನ ಠಾಣೆಗೆ ಹೋಗಿ ಎಫ್‌ಐಆರ್ ಮಾಡಿಸಿ, ವಿಮೆಯವರಿಗೂ ಬರೆದು ತಿಳಿಸಿ. ಎಫ್‌ಐಆರ್ ತಡವಿಲ್ಲದೆ ಆಗಿದ್ದರೆ, ವಿಮೆಯವರಿಗೆ ತಿಳಿಸಿದ್ದು ತಡವಾಯಿತೆಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸುವಂತಿಲ್ಲವೆಂದು 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹಾಗಿದ್ದರೂ ಸರ್ವೇಯರು ಬಂದು ಕಾಫಿ ಕುಡಿದು ಕೇಳುವ ಮೊದಲ ಪ್ರಶ್ನೆ “ಎರಡೂ ಕೀ ಕೊಡಿ” ಎಂದೇ. ಒಂದೇ ಕೀ ಸಿಕ್ಕಿದರೆ ಇನ್ನೊಂದು ಕಾರಿನಲ್ಲೇ ಇತ್ತಲ್ಲವೇ, ನೀವೇ ಯಾರಿಗೋ ಕೊಟ್ಟಿರಲ್ಲವೇ ಎಂದು ವಿಚಾರಣೆ ನಿಮ್ಮ ಕಡೆಗೇ ತಿರುಗುತ್ತದೆ. ನನಗೆ ಪರಿಚಯದ ಒಬ್ಬರು ಕಾರು ಹುಡುಕಿದ್ದಕ್ಕಿಂತ ಹೆಚ್ಚು ದಿನ ಎರಡನೇ ಕೀ ಹುಡುಕಿದರು. ಅದು ಮದುವೆ ಸೀರೆಗಳ ನಡುವೆ, ಯಾವುದೋ ಉಡುಗೊರೆ ಗಡಿಯಾರದ ಪೆಟ್ಟಿಗೆಯಲ್ಲಿತ್ತು.

ಆದ್ದರಿಂದ ಇವತ್ತೇ ನಿಮ್ಮ ಎರಡನೇ ಕೀ ಎಲ್ಲಿದೆ ನೋಡಿಕೊಳ್ಳಿ. ಸಿಕ್ಕಿದ ಮೇಲೆ ಮುಂಬಾಗಿಲ ಪಕ್ಕದ ಮೊಳೆಗೆ ತೂಗುಹಾಕಬೇಡಿ. ಅದಕ್ಕೂ ಬಾಯಿದೆ, ಬ್ಯಾಟರಿ ತೆಗೆದಿಡಿ, ಇಲ್ಲವೇ ಅದನ್ನೂ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ.